ಸಂಪಾದಕರ ಉತ್ತರ: ದೊಡ್ಡಪ್ಪನ ಡೈರಿ

ಸಹೋದರಿ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರ: ಶಿವಮೊಗ್ಗದಲ್ಲಿ ನಿಮ್ಮ ಮನೆತನದ ಅಡಿಕೆ ಮಂಡಿ. ದೊಡ್ಡಪ್ಪ, ನಿಮ್ಮ ತಂದೆ, ಚಿಕ್ಕಪ್ಪ ಪಾಲುದಾರರು. ತಂದೆ ತೀರಿಕೊಂಡು ನಾಲ್ಕು ವರ್ಷ. ಹನ್ನೊಂದು ವರ್ಷದಿಂದ ದಿನದ ಲೆಕ್ಕದ ಕಿರ್ದಿ ಬರೆಯುತ್ತಿರುವವರು ನೀವು. ಈ ದೀಪಾವಳಿಗೆ ದೊಡ್ಡಪ್ಪ ತಮ್ಮ ಮಗನನ್ನು ಗಾದಿಯಲ್ಲಿ ಕೂರಿಸುತ್ತಾರಂತೆ. ತಂದೆಯ ಪಾಲಿನ ಲಾಭ ಎಷ್ಟಾಯಿತು ಎಂದು ಕೇಳಿದ್ದಕ್ಕೆ ‘ಮನೆಮಗಳೇ ಲೆಕ್ಕ ಕೇಳಿದ್ರೆ ನಂಬಿಕೆ ಎಲ್ಲಿ ಉಳೀತು?’ ಎಂದರಂತೆ. ಗಾದಿಗೆ ನಾನೂ ಹಕ್ಕು ಹೇಳಲೇ, ಸುಮ್ಮನಿರಲೇ ಎಂದು ಕೇಳಿದ್ದೀರಿ.

ಎರಡೂ ಬೇಡ. ಮೊದಲು ಲೆಕ್ಕ ಕೇಳಿ, ಗಾದಿಯ ಮಾತು ಆಮೇಲೆ.

ದಿನದ ಜಮಾ-ಖರ್ಚು ನಿಮ್ಮ ಕೈಯಲ್ಲಿದ್ದರೂ, ಬೆಳೆಗಾರರಿಗೆ ಕೊಟ್ಟ ಮುಂಗಡ, ಬಾಯಿಮಾತಿನ ಕೈಗಡ, ದರ ಏರಲಿ ಎಂದು ಯಾರ ಎಷ್ಟು ಮೂಟೆ ರಾಶಿ ಅಡಿಕೆ ಕಾದು ಕೂತಿದೆ ಎಂಬುದೆಲ್ಲ ದೊಡ್ಡಪ್ಪನ ಜೇಬಿನ ಡೈರಿಯಲ್ಲಿದೆ ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ನಾನು ಆ ಸಾಲಿನಲ್ಲೇ ನಿಂತುಬಿಟ್ಟೆ. ಮಂಡಿಯಲ್ಲಿರುವುದೆಲ್ಲ ನಿಮ್ಮ ಮನೆಯ ದುಡ್ಡಲ್ಲ. ಹೊಸನಗರದ ಯಾವುದೋ ಮೂಲೆಯಿಂದ ಬೆಟ್ಟೆ, ಗೊರಬಲು ಅಡಿಕೆ ತಂದಿಳಿಸಿ, ಒಂದು ಚೀಟಿ ಹಿಡಿದು ವಾಪಸು ಹೋದ ಬೆಳೆಗಾರನದ್ದೂ ಅದರಲ್ಲಿದೆ. ದೊಡ್ಡಪ್ಪನಿಗೆ ಎಪ್ಪತ್ತಾರು ಎಂದಿದ್ದೀರಿ. ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ಆ ಡೈರಿಯ ಗೆರೆ, ಸೊನ್ನೆ, ಸಂಕ್ಷೇಪಗಳನ್ನು ಬಿಡಿಸಿ ಹೇಳುವವರು ಯಾರು? ನನ್ನ ಅಜ್ಜನ ಅಂಗಡಿಯಲ್ಲಿ ಹೀಗೇ ಆಯಿತು. ವೈಕುಂಠ ಸಮಾರಾಧನೆ ಮುಗಿಯುವುದರೊಳಗೆ ಸಾಲ ಕೊಟ್ಟವರೆಲ್ಲ ಬಂದರು. ತೆಗೆದುಕೊಂಡವರು ಒಬ್ಬರೂ ಬರಲಿಲ್ಲ.

ಇನ್ನು ನಂಬಿಕೆಯ ಮಾತು. ಊರಿನ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ದೊಡ್ಡಪ್ಪ ಎದ್ದು ನಿಂತರೆ ಕಾರ್ಯದರ್ಶಿ ಬೆವರುತ್ತಾರೆ ಎಂದು ನೀವೇ ಬರೆದಿದ್ದೀರಲ್ಲ! ಅಲ್ಲಿ ಸದಸ್ಯನ ಹಕ್ಕಾದದ್ದು ಮನೆಯಲ್ಲಿ ಅಪನಂಬಿಕೆ ಹೇಗಾಗುತ್ತದೋ ಕಾಣೆ. ಬೆಳೆಗಾರನಿಗೂ ಮಂಡಿಯೊಂದೇ ಗತಿಯಲ್ಲ. 1939ರಿಂದ ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್‌ಕೋಸ್ ಇದೆ, ಅಲ್ಲಿ ವರ್ಷಕ್ಕೊಮ್ಮೆ ಸದಸ್ಯರ ಮುಂದೆ ಲೆಕ್ಕಪತ್ರ ಇಡುತ್ತಾರೆ.

ಕಾನೂನು ಚುಟುಕಾಗಿ ಹೇಳುತ್ತೇನೆ, ವಿವರಕ್ಕೆ ವಕೀಲರನ್ನು ನೋಡಿ. 1932ರ ಪಾಲುದಾರಿಕೆ ಕಾಯ್ದೆಯಂತೆ, ಪಾಲುದಾರಿಕೆ ಪತ್ರದಲ್ಲಿ ಬೇರೆ ಕರಾರಿಲ್ಲದಿದ್ದರೆ ಪಾಲುದಾರ ಸತ್ತಾಗ ಸಂಸ್ಥೆ ವಿಸರ್ಜನೆಯಾದಂತೆ. ಕರಾರಿದ್ದು ವ್ಯಾಪಾರ ಮುಂದುವರಿದರೂ ವಾರಸುದಾರರು ತಾವಾಗಿ ಪಾಲುದಾರರಾಗುವುದಿಲ್ಲ. ಆದರೆ ಸತ್ತವರ ಪಾಲು ಚುಕ್ತಾ ಮಾಡದೆ ಅದೇ ಆಸ್ತಿಯಿಂದ ವ್ಯಾಪಾರ ನಡೆಸಿದರೆ, ಆ ಪಾಲಿಗೆ ತಕ್ಕ ಲಾಭವನ್ನೋ ವರ್ಷಕ್ಕೆ ಶೇ. 6ರ ಬಡ್ಡಿಯನ್ನೋ ನೀವು ಕೇಳಬಹುದು. ಇದಕ್ಕೂ ಪತ್ರದಲ್ಲಿ ಬೇರೆ ಮಾತಿರಬಾರದು. ‘ಮದುವೆಯಾಗಿ ಹೋದವಳು’ ಎಂಬ ಚಿಕ್ಕಪ್ಪನ ವಾದ ಇಲ್ಲಿ ನಡೆಯದು. ತಂದೆ ಉಯಿಲು ಬರೆದಿರದಿದ್ದರೆ ಅವರ ಸ್ವಂತ ಪಾಲಿನಲ್ಲಿ ನಿಮ್ಮ ತಾಯಿ, ನಿಮ್ಮ ತಮ್ಮ, ನೀವು ಸಮಾನರೆಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳುತ್ತದೆ.

ದೊಡ್ಡಪ್ಪನ ಮಗನ ಬೆಂಗಳೂರಿನ ಫ್ಲ್ಯಾಟಿನ ಕಂತು ಮಂಡಿಯ ಗಲ್ಲಾದಿಂದ ‘ಮನೆ ಖರ್ಚು’ ಎಂದು ಹೋಗುತ್ತಿದೆ ಎಂದೂ ಬರೆದಿದ್ದೀರಿ. ಅದನ್ನು ಸಣ್ಣದೆಂದುಕೊಳ್ಳಬೇಡಿ. ಪಕ್ಕದ ಚಿಕ್ಕಮಗಳೂರಿನ ಕೆಫೆ ಕಾಫಿ ಡೇ ನೆನಪಿರಬೇಕು. 2019ರ ಜುಲೈನಲ್ಲಿ ಸ್ಥಾಪಕರು ತೀರಿಕೊಂಡರು. ಪ್ರವರ್ತಕರ ಖಾಸಗಿ ತೋಟದ ಕಂಪನಿಯಿಂದ ಸಮೂಹದ ಕಂಪನಿಗಳಿಗೆ 3,535 ಕೋಟಿ ರೂಪಾಯಿ ಬರಬೇಕಿದೆ ಎಂದು ಮರುವರ್ಷ ತನಿಖಾ ವರದಿ ಹೇಳಿತು. 2020ರ ಡಿಸೆಂಬರ್‌ನಲ್ಲಿ ಅವರ ಪತ್ನಿ ಮಾಳವಿಕಾ ಹೆಗ್ಡೆ ಸಿಇಒ ಆದಾಗ ಕೈಗೆ ಬಂದದ್ದು ಮೊದಲು ಸಾಲದ ಪಟ್ಟಿ. ನಿಮ್ಮ ಮಂಡಿ ಅಷ್ಟು ದೊಡ್ಡದಲ್ಲ, ಒಪ್ಪಿದೆ. ಮನೆಯ ಜೇಬು, ಅಂಗಡಿಯ ಜೇಬು ಬೆರೆಯುವ ಬಗೆ ಮಾತ್ರ ಒಂದೇ.

ಹಾಗೆಂದು ನೀವೇ ಗಾದಿಗೆ ಸರಿ ಎಂದು ನಾನು ಹೇಳಲಾರೆ. ಪಾಲು ಬೇರೆ, ಪಾರುಪತ್ಯ ಬೇರೆ. ಕಿರ್ದಿ ಬರೆದವರಿಗೆಲ್ಲ ಅಡಿಕೆ ಒಡೆದು ನೋಡಿ ದರ ಕಟ್ಟಲು ಬಂದೀತೇ? ಆ ಹುಡುಗನಿಗೂ ಬರುತ್ತದೋ ಇಲ್ಲವೋ ನಿಮ್ಮ ಪತ್ರದಿಂದ ತಿಳಿಯಲಿಲ್ಲ. ಇಬ್ಬರೂ ಒಂದು ಸುಗ್ಗಿ ಹಮಾಲರ ಜೊತೆ ನಿಂತು, ಬೆಳೆಗಾರರ ಬೈಗುಳ ತಿಂದು ನೋಡಿ. ಯಾರು ಎಂಬುದು ಆಗ ಮನೆಯವರಿಗೇ ಕಾಣುತ್ತದೆ.

ಸದ್ಯಕ್ಕೆ ಒಂದು ಕೆಲಸ ಮಾಡಿ. ದೀಪಾವಳಿಗೆ ಹೊಸ ಪುಸ್ತಕದ ಪೂಜೆಗೆ ಮೊದಲು, ಸಂಜೆ ಮಂಡಿ ಬಾಗಿಲು ಹಾಕಿದ ಮೇಲೆ, ದೊಡ್ಡಪ್ಪನ ಪಕ್ಕ ಕೂತು ‘ನೀವು ಹೇಳ್ತಾ ಹೋಗಿ ದೊಡ್ಡಪ್ಪ, ನಾನು ಬರ್ಕೊಳ್ತೀನಿ’ ಎನ್ನಿ. ಲೆಕ್ಕ ಒಪ್ಪಿಸಿ ಎಂದರೆ ಸಿಡುಕುವ ಹಿರಿಯರು ಹೀಗೆ ಕೇಳಿದರೆ ಹೇಳುವುದುಂಟು. ಅವರ ಮಗನನ್ನೂ ಜೊತೆಗೆ ಕೂರಿಸಿಕೊಳ್ಳಿ. ಪಾಲುದಾರಿಕೆ ಪತ್ರದ ನಕಲು ಸಿಕ್ಕಿದ ಮೇಲೆ, ಅದರಲ್ಲಿ ಏನಿದೆ ಎಂದು ಇನ್ನೊಮ್ಮೆ ಬರೆಯಿರಿ.

– ಸಂ.