ಬೆಕ್ಕಿಗೆ ದಿನಾ ಎರಡು ಸಲ ಇನ್ಸುಲಿನ್ ಕೊಡುವ ಟೆನ್ಷನ್ ತಡೆಯಲಾಗುತ್ತಿಲ್ಲ, ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ನಿಮ್ಮ ಪ್ರಶ್ನೆ ಓದುತ್ತಾ ಮೂರು ವರ್ಷದ ಹಿಂದಿನ ನಮ್ಮ ಮನೆಯೇ ಕಣ್ಣ ಮುಂದೆ ಬಂತು. ನಿಮ್ಮ ಬೆಕ್ಕಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಗಿ ಮೂರು ವಾರ, ಬೆಳಿಗ್ಗೆ ಸಂಜೆ ಇಂಜೆಕ್ಷನ್, ರಾತ್ರಿ ಎರಡು ಮೂರು ಸಲ ಎದ್ದು ಟಾರ್ಚ್ ಹಾಕಿ ಉಸಿರಾಡುತ್ತಿದೆಯಾ ಅಂತ ನೋಡುವುದು, ಮನೆ ಬಿಟ್ಟು ಎಲ್ಲಿಗೂ ಹೋಗದಿರುವುದು. ಕೊನೆಗೆ "ಒಮ್ಮೊಮ್ಮೆ ಅದರ ಮೇಲೇ ಸಿಟ್ಟು ಬರುತ್ತದೆ, ನಾನು ಕೆಟ್ಟವಳಾ" ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ಮೂರು ವಾರ ಸರಿಯಾಗಿ ನಿದ್ದೆ ಇಲ್ಲದವರಿಗೆ ಯಾರ ಮೇಲಾದರೂ ಸಿಟ್ಟು ಬರುತ್ತದೆ.

ನಮ್ಮ ಬೆಕ್ಕು ಗುಂಡನಿಗೆ ಆಗ 11 ವರ್ಷ. ನೀರಿನ ಬಟ್ಟಲು ದಿನಕ್ಕೆ ಎರಡು ಸಲ ಖಾಲಿಯಾಗುತ್ತಿತ್ತು, ಎಷ್ಟು ತಿಂದರೂ ಸೊರಗುತ್ತಿದ್ದ, ಹಿಂದಿನ ಕಾಲು ಹಿಮ್ಮಡಿಯವರೆಗೂ ನೆಲಕ್ಕೆ ತಾಗಿಸಿಕೊಂಡು ನಡೆಯುತ್ತಿದ್ದ. ಸಕ್ಕರೆ ಜಾಸ್ತಿಯಾಗಿ ಕಾಲಿನ ನರ ಸೋತರೆ ಬೆಕ್ಕು ಹಾಗೆ ನಡೆಯುತ್ತದೆ ಅಂತ ಆಮೇಲೆ ತಿಳಿಯಿತು. 1 ಯೂನಿಟ್‌ನಿಂದ ಶುರು ಮಾಡಿ 2ಕ್ಕೆ ಬಂದು ನಿಂತೆವು. ಮೊದಲ ತಿಂಗಳು ನಾನು ಅತ್ತಷ್ಟು ಬೇರೆ ಯಾವಾಗಲೂ ಅತ್ತಿಲ್ಲ.

ನನ್ನ ಭಯ ಅರ್ಧಕ್ಕೆ ಇಳಿದದ್ದು ನಮ್ಮ ಡಾಕ್ಟರ್ ಹೇಳಿದ ಒಂದೇ ಮಾತಿನಿಂದ. ಸಕ್ಕರೆ ಒಂದು ದಿನ ಜಾಸ್ತಿ ಇದ್ದರೆ ಬೆಕ್ಕಿಗೆ ಪ್ರಾಣಾಪಾಯ ಇಲ್ಲ, ಆದರೆ ಕೆಲವೇ ಗಂಟೆ ತೀರಾ ಕಡಿಮೆಯಾದರೆ ಇದೆ ಅಂದರು. ಇದೊಂದು ತಲೆಯಲ್ಲಿ ಕೂತರೆ ನಡುವೆ ಬರುವ ಬಹಳಷ್ಟು ಗೊಂದಲಕ್ಕೆ ಉತ್ತರ ತಾನಾಗಿ ಸಿಗುತ್ತದೆ. ಸಂದೇಹ ಬಂತಾ, ಕೊಡಬೇಡಿ. ಕೊಟ್ಟೆನೋ ಇಲ್ಲವೋ ನೆನಪಿಲ್ಲವಾ, ಕೊಡಬೇಡಿ. ಒಂದು ಹೊತ್ತು ತಪ್ಪಿಹೋಯಿತಾ, ಮುಂದಿನ ಹೊತ್ತಿಗೆ ಮಾಮೂಲಿ ಡೋಸ್ ಅಷ್ಟೇ, ತಪ್ಪಿದ್ದನ್ನೂ ಸೇರಿಸಿ ಎರಡು ಪಾಲು ಮಾಡಬಾರದು.

ಒಂದು ಬೆಳಿಗ್ಗೆ ಹೀಗಾಯಿತು. ಹೆಗಲ ಹಿಂದಿನ ಚರ್ಮ ಎತ್ತಿ ಹಿಡಿದು ಚುಚ್ಚಿದೆ, ಒತ್ತಿದೆ, ತೆಗೆದೆ. ಕೈ ಸವರಿದರೆ ಕೂದಲು ಒದ್ದೆ. ಮೂಸಿ ನೋಡಿದೆ, ಆಸ್ಪತ್ರೆಯ ಔಷಧಿ ವಾಸನೆ. ಸೂಜಿ ಈ ಕಡೆಯಿಂದ ಹೋಗಿ ಆ ಕಡೆಯಿಂದ ಹೊರಗೆ ಬಂದಿತ್ತು, ಎಷ್ಟು ಒಳಗೆ ಹೋಯಿತು ಎಷ್ಟು ಕೂದಲಿಗೆ ಹೋಯಿತು ಹೇಳಲು ಬರುವಂತಿರಲಿಲ್ಲ. ಇನ್ನೊಂದು ಯೂನಿಟ್ ಎಳೆಯಲು ಬಾಟಲಿ ಕೈಗೆ ತೆಗೆದುಕೊಂಡೇಬಿಟ್ಟಿದ್ದೆ, ಅಷ್ಟರಲ್ಲಿ ಡಾಕ್ಟರ್ ಮಾತು ನೆನಪಾಯಿತು. ಬಾಟಲಿ ಫ್ರಿಜ್‌ಗೆ ವಾಪಸ್ ಇಟ್ಟೆ. ಸಂಜೆ ಸಕ್ಕರೆ 380 ಇತ್ತು, ಅವನು ಸ್ವಲ್ಪ ಜಾಸ್ತಿ ನೀರು ಕುಡಿದ. ಮಾರನೇ ದಿನ ಎಲ್ಲ ಮೊದಲಿನ ಹಾಗೇ ಆಯಿತು.

ನಿಜವಾಗಿ ಹೆದರಬೇಕಾದದ್ದು ಬೇರೆ. ಒಂದು ದಿನ ನನ್ನ ತಮ್ಮ ಕೆಲಸಕ್ಕೆ ಹೊರಡುವ ಮುಂಚೆ ಆರೂವರೆಗೆ ಕೊಟ್ಟು ಹೋಗಿದ್ದಾನೆ, ಹೇಳಿಲ್ಲ. ನಾನು ಏಳಕ್ಕೆ ಎದ್ದು ಮತ್ತೆ ಕೊಟ್ಟೆ. ಎಂಟು ಗಂಟೆಗೆ ಅವನು ಫೋನ್ ಮಾಡಿದಾಗಲೇ ಗೊತ್ತಾಗಿದ್ದು. ಆಗ ನನ್ನ ಕೈಕಾಲು ತಣ್ಣಗಾದದ್ದು ಈಗಲೂ ನೆನಪಿದೆ. ಡಾಕ್ಟರ್‌ಗೆ ಫೋನ್ ಮಾಡಿದೆ, ತಿನ್ನಲು ಕೊಟ್ಟು ಕೂಡಲೇ ಕರೆದುಕೊಂಡು ಬನ್ನಿ ಅಂದರು. ಸಂಜೆಯವರೆಗೂ ಗ್ಲೂಕೋಸ್ ಡ್ರಿಪ್ ಹಾಕಿ ಗಂಟೆಗೊಮ್ಮೆ ರಕ್ತ ನೋಡುತ್ತಾ ಇಟ್ಟುಕೊಂಡರು. ಉಳಿದ. ಅವತ್ತಿನಿಂದ ಫ್ರಿಜ್ ಬಾಗಿಲಿಗೆ ಒಂದು ಕ್ಯಾಲೆಂಡರ್ ಅಂಟಿಸಿದ್ದೇವೆ, ದಾರದಲ್ಲಿ ಪೆನ್ ಕಟ್ಟಿದೆ. ದಿನಕ್ಕೆ ಎರಡು ಗೆರೆ. ಇನ್ಸುಲಿನ್ ತೆಗೆಯುವ ಮುಂಚೆ ಗೆರೆ ಎಳೆಯಬೇಕು, ಆಮೇಲಲ್ಲ. ಗೆರೆ ಎಳೆದು ಇಂಜೆಕ್ಷನ್ ಮರೆತರೆ ಒಂದು ಹೊತ್ತು ತಪ್ಪುತ್ತದೆ ಅಷ್ಟೇ, ಇಂಜೆಕ್ಷನ್ ಕೊಟ್ಟು ಗೆರೆ ಮರೆತರೆ ಎರಡು ಸಲ ಬೀಳುತ್ತದೆ. ಯಾವ ತಪ್ಪು ಪರವಾಗಿಲ್ಲ ಅನ್ನುವುದು ಗೊತ್ತಿದ್ದರೆ ಇಂಥ ಸಣ್ಣ ವಿಷಯವನ್ನೂ ಅದಕ್ಕೆ ತಕ್ಕಂತೆ ಮಾಡಿಕೊಳ್ಳಬಹುದು.

ಇನ್ನು ಮೀಟರ್. ಸಕ್ಕರೆಯನ್ನು ಮನೆಯಲ್ಲೇ ನೋಡಲು ಕಲಿಯಿರಿ, ಆಸ್ಪತ್ರೆಯಲ್ಲಿ ಹೆದರಿಕೆಗೇ ಬೆಕ್ಕಿನ ಸಕ್ಕರೆ ಏರಿಬಿಡುತ್ತದೆ. ಗುಂಡನಿಗೆ ಅಲ್ಲಿ 400 ತೋರಿಸಿದ ದಿನವೇ ಮನೆಯಲ್ಲಿ 210 ಇತ್ತು. ಬಿಸಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕಿವಿಗೆ ಅರ್ಧ ನಿಮಿಷ ಒತ್ತಿ, ಕಿವಿಯ ಹಿಂದೆ ಹತ್ತಿ ಇಟ್ಟು, ಅಂಚಿನಲ್ಲಿ ಸಣ್ಣಗೆ ಕಾಣುವ ರಕ್ತನಾಳದ ಪಕ್ಕ ಚುಚ್ಚಿದರೆ ಸಾಸಿವೆ ಕಾಳಿನಷ್ಟು ರಕ್ತ ಬರುತ್ತದೆ, ಅಷ್ಟು ಸಾಕು. ಮೊದಲ ವಾರ ನನಗೆ ಐದರಲ್ಲಿ ಒಂದು ಸಲ ಸರಿ ಬಂದರೆ ಹೆಚ್ಚು. ಈಗ ಅವನು ಮೀಟರ್ ಸದ್ದು ಕೇಳಿದರೆ ತಾನೇ ಬಂದು ಕೂರುತ್ತಾನೆ, ಯಾಕೆಂದರೆ ಆಮೇಲೆ ತಿಂಡಿ ಸಿಗುತ್ತದೆ. ಮನುಷ್ಯರ ಮೀಟರ್ ಬೆಕ್ಕಿನ ರಕ್ತಕ್ಕೆ ಸಾಮಾನ್ಯವಾಗಿ ಸ್ವಲ್ಪ ಕಡಿಮೆ ತೋರಿಸುತ್ತದೆ, ಆದ್ದರಿಂದ ಯಾವ ಮೀಟರ್ ಅಂತ ಡಾಕ್ಟರ್‌ಗೆ ಹೇಳಿರಿ. ಇಂಜೆಕ್ಷನ್‌ಗೆ ಮುಂಚೆ 200ಕ್ಕಿಂತ ಕಡಿಮೆ ಇದ್ದರೆ ಕೊಡದೆ ಫೋನ್ ಮಾಡಿ ಅಂತ ನಮಗೆ ಹೇಳಿದ್ದರು. ನಿಮ್ಮ ಬೆಕ್ಕಿಗೆ ಆ ಮಿತಿ ಎಷ್ಟು ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಆದರೆ ಮೀಟರ್ ನಿಮ್ಮನ್ನು ಆಳಬಾರದು. ನಾನು ದಿನಕ್ಕೆ ಎಂಟು ಸಲ ನೋಡುತ್ತಿದ್ದೆ, 310 ಬಂದರೆ ಊಟ ಸೇರುತ್ತಿರಲಿಲ್ಲ, 180 ಬಂದರೆ ಹಬ್ಬ. ಒಂದೇ ಬೆಕ್ಕಿಗೆ ಒಂದೇ ಡೋಸ್ ಕೊಟ್ಟರೂ ಎರಡು ದಿನದ ಅಂಕಿ ಒಂದೇ ಥರ ಬರುವುದಿಲ್ಲ, ಅದಕ್ಕೇ ಒಂದು ಅಂಕಿ ನೋಡಿ ಯಾರೂ ಡೋಸ್ ಏರಿಸುವುದಿಲ್ಲ. ಎಷ್ಟು ನೀರು ಕುಡಿಯುತ್ತಿದೆ, ತೂಕ ನಿಂತಿದೆಯಾ, ಮೊದಲಿನ ಹಾಗೆ ಮೈ ನೆಕ್ಕಿಕೊಳ್ಳುತ್ತಿದೆಯಾ, ಕಿಟಕಿ ಹತ್ತುತ್ತಿದೆಯಾ, ಇವು ಮೀಟರ್‌ಗಿಂತ ಕಡಿಮೆ ಏನಲ್ಲ. ಫ್ರಕ್ಟೋಸಮೀನ್ ಅನ್ನುವ ರಕ್ತಪರೀಕ್ಷೆ ಹಿಂದಿನ ಎರಡು ಮೂರು ವಾರದ ಸರಾಸರಿ ತಿಳಿಸುತ್ತದೆ, ಅದನ್ನೂ ಕೇಳಬಹುದು. ಚರ್ಮಕ್ಕೆ ಅಂಟಿಸುವ ಸೆನ್ಸರ್ 14 ದಿನಕ್ಕೆ ಅಂತ ಇರುತ್ತದೆ, ಬೆಕ್ಕುಗಳು ಬಹಳ ಸಲ ಅದಕ್ಕೂ ಮುಂಚೆ ಕಿತ್ತುಹಾಕುತ್ತವೆ, ಆದರೂ ಮೊದಮೊದಲು ರಾತ್ರಿ ಏನಾಗುತ್ತಿದೆ ಅಂತ ತಿಳಿಯಲು ಒಳ್ಳೆಯದು.

ರಾತ್ರಿ ಎದ್ದು ನೋಡುವ ವಿಷಯಕ್ಕೆ ಬರೋಣ. ಇನ್ಸುಲಿನ್ ಕೊಟ್ಟು ಸುಮಾರು 4ರಿಂದ 8 ಗಂಟೆಯೊಳಗೆ ಸಕ್ಕರೆ ಅತಿ ಕೆಳಗೆ ಹೋಗುತ್ತದೆ, ಇದು ಔಷಧಿಯಿಂದ ಔಷಧಿಗೆ, ಬೆಕ್ಕಿನಿಂದ ಬೆಕ್ಕಿಗೆ ಬದಲಾಗುತ್ತದೆ. ನೀವು ರಾತ್ರಿ ಒಂಬತ್ತಕ್ಕೆ ಕೊಡುತ್ತಿದ್ದರೆ ಆ ಹೊತ್ತು ಸರಿಯಾಗಿ ನಿದ್ದೆಯ ನಡುವೆ ಬೀಳುತ್ತದೆ. ನಾವು ಡಾಕ್ಟರ್‌ಗೆ ಕೇಳಿ ನಿಧಾನವಾಗಿ ಬೆಳಿಗ್ಗೆ ಆರೂವರೆ, ಸಂಜೆ ಆರೂವರೆಗೆ ತಂದೆವು. ಹನ್ನೊಂದಕ್ಕೆ ಒಮ್ಮೆ ನೋಡಿ, ಸರಿ ಇದ್ದರೆ ಮಲಗುತ್ತೇನೆ. ಟಾರ್ಚ್ ಬಿಟ್ಟೆ. 12 ಗಂಟೆಯ ಅಂತರ ಅಂದರೆ ನಿಮಿಷ ಲೆಕ್ಕ ಅಲ್ಲ, ಅರ್ಧ ಗಂಟೆ ಆಚೀಚೆ ಆದರೆ ಏನೂ ಆಗುವುದಿಲ್ಲ.

ಸಕ್ಕರೆ ಬಿದ್ದರೆ ಬೆಕ್ಕು ತೂರಾಡುತ್ತದೆ, ನಡುಗುತ್ತದೆ, ಒಮ್ಮೆಲೇ ವಿಪರೀತ ಹಸಿವು ತೋರಿಸಬಹುದು ಅಥವಾ ಎಲ್ಲೋ ನೋಡುತ್ತಾ ಕೂತಿರುತ್ತದೆ, ತೀರಾ ಬಿದ್ದರೆ ಫಿಟ್ಸ್ ಬರುತ್ತದೆ. ಎಚ್ಚರ ಇದ್ದು ತಿನ್ನುವಂತಿದ್ದರೆ ತಿನ್ನಿಸಿ. ಇಲ್ಲದಿದ್ದರೆ ಜೇನುತುಪ್ಪವನ್ನೋ ಗ್ಲೂಕೋಸ್ ನೀರನ್ನೋ ಒಸಡಿಗೆ ಸವರಿ, ಗಂಟಲಿಗೆ ಸುರಿಯಬೇಡಿ, ಹಾಗೇ ಆಸ್ಪತ್ರೆಗೆ ಓಡಿ. ನಮ್ಮಲ್ಲಿ ಜೇನಿನ ಪುಟ್ಟ ಬಾಟಲಿ ಮೀಟರ್ ಪಕ್ಕದಲ್ಲೇ ಇದೆ, ಮೂರು ವರ್ಷದಲ್ಲಿ ಒಂದೇ ಸಲ ಮುಚ್ಚಳ ತೆಗೆದದ್ದು.

"ಕೊಡಬೇಡಿ" ಅಂದದ್ದು ಒಂದು ಹೊತ್ತಿನ ಮಾತು, ದಿನಗಟ್ಟಲೆ ಬಿಡುವುದಕ್ಕಲ್ಲ. ಊಟ ಬಿಟ್ಟು, ವಾಂತಿ ಮಾಡಿಕೊಂಡು, ಮೂಲೆ ಹಿಡಿದು ಮಲಗಿದರೆ ಕೀಟೋನ್ (ಇನ್ಸುಲಿನ್ ಸಾಲದೆ ಮೈಯ ಕೊಬ್ಬು ಕರಗಿದಾಗ ರಕ್ತದಲ್ಲಿ ಸೇರುವ ಆಮ್ಲ) ಏರಿರಬಹುದು. ಅವತ್ತೇ ತೋರಿಸಬೇಕು, ನಾಳೆಗೆ ಅಂತ ಇಡಬಾರದು.

ಮನೆಗೆ ಕಟ್ಟಿಹಾಕಿದ ಹಾಗಾಗಿದೆ ಅಂದಿರಲ್ಲ, ಇನ್ನೊಬ್ಬರಿಗೆ ಕಲಿಸದೆ ಅದು ಹೋಗುವುದಿಲ್ಲ. ನಾನು ಪಕ್ಕದ ಮನೆಯ ಹುಡುಗಿಗೆ ಮೊದಲು ಕಿತ್ತಳೆ ಹಣ್ಣಿಗೆ ಬರೀ ನೀರು ಚುಚ್ಚಲು ಕಲಿಸಿದೆ, ಆಮೇಲೆ ನಾಲ್ಕು ದಿನ ನಾನು ಪಕ್ಕದಲ್ಲಿ ನಿಂತು ಗುಂಡನಿಗೆ ಕೊಡಿಸಿದೆ. ಬೇರೆಯವರ ಮೇಲೆ ಹೊರೆ ಹಾಕುತ್ತಿದ್ದೇನೆ ಅಂತ ತುಂಬ ದಿನ ಕೇಳಿರಲೇ ಇಲ್ಲ. ಕೇಳಿದಾಗ ಅವಳು ಖುಷಿಯಿಂದ ಒಪ್ಪಿದಳು, ಸುಮ್ನೆ ಆರು ತಿಂಗಳು ಒಬ್ಬಳೇ ಒದ್ದಾಡಿದೆ.

ಇದು ಜೀವನಪೂರ್ತಿ ಹೀಗೇನಾ ಅಂತಲೂ ಕೇಳಿದ್ದೀರಿ. ಹೇಳಲಾಗುವುದಿಲ್ಲ. ಬೇಗ ಹತೋಟಿಗೆ ಬಂದು, ಕಾರ್ಬೋಹೈಡ್ರೇಟ್ ಕಡಿಮೆ ಇರುವ ವೆಟ್ ಫುಡ್ (ಡಬ್ಬಿಯಲ್ಲಿ ಬರುವ ಮೆತ್ತನೆ ಆಹಾರ) ತಿಂದ ಕೆಲವು ಬೆಕ್ಕುಗಳಿಗೆ ಕೆಲವು ತಿಂಗಳಲ್ಲಿ ಇನ್ಸುಲಿನ್ ಬೇಕಾಗದೇ ಹೋಗುತ್ತದೆ. ಆ ಹೊತ್ತಿನಲ್ಲಿ ಹಳೇ ಡೋಸೇ ಜಾಸ್ತಿಯಾಗಿ ಸಕ್ಕರೆ ಬೀಳುವ ಅಪಾಯ ಇದೆ, ಮನೆಯಲ್ಲಿ ಮೀಟರ್ ಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ. ಆಹಾರ ಬದಲಿಸುವಾಗಲೂ ಡಾಕ್ಟರ್‌ಗೆ ಹೇಳಿಯೇ ಬದಲಿಸಿ. ಗುಂಡನಿಗೆ ಹಾಗೆ ನಿಲ್ಲಲಿಲ್ಲ, ಮೊದಮೊದಲು ಅದಕ್ಕೆ ತುಂಬ ಬೇಜಾರಾಗುತ್ತಿತ್ತು. ಆದರೆ ನಾಲ್ಕನೇ ತಿಂಗಳಿಗೆ ಅವನ ಹಿಂದಿನ ಕಾಲು ನೆಟ್ಟಗಾಯಿತು. ಈಗ 14 ವರ್ಷ, ಇದನ್ನು ಟೈಪ್ ಮಾಡುವಾಗ ಕಪಾಟಿನ ಮೇಲೆ ಕೂತಿದ್ದಾನೆ, ಅಲ್ಲಿಗೆ ಹಾರಿಯೇ ಹತ್ತಿದ್ದು.

ಈಗಲೇ ಎದ್ದು ಒಂದು ಕೆಲಸ ಮಾಡಿ. ನಿಮ್ಮ ಇನ್ಸುಲಿನ್ ಬಾಟಲಿ ಮೇಲೆ ಯು-40 ಅಂತ ಇದೆಯಾ ಯು-100 ಅಂತ ಇದೆಯಾ (ಒಂದು ಮಿಲಿಲೀಟರ್‌ನಲ್ಲಿ ಎಷ್ಟು ಯೂನಿಟ್ ಅನ್ನುವ ಅಂಕಿ) ನೋಡಿ, ಸಿರಿಂಜ್ ಮೇಲೂ ಅದೇ ಇದೆಯಾ ನೋಡಿ. ಯು-100 ಇನ್ಸುಲಿನ್ ಅನ್ನು ಯು-40 ಸಿರಿಂಜ್‌ನಲ್ಲಿ ಎಳೆದರೆ ಎರಡೂವರೆ ಪಾಲು ಹೋಗುತ್ತದೆ. ಎರಡೂ ಒಂದೇ ಇದ್ದರೆ ಇವತ್ತು ರಾತ್ರಿ ಟಾರ್ಚ್ ಪಕ್ಕಕ್ಕಿಟ್ಟು ಮಲಗಿ. ಬೇರೆ ಬೇರೆ ಇದ್ದರೆ ಮುಂದಿನ ಇಂಜೆಕ್ಷನ್ ಕೊಡುವ ಮುಂಚೆ ಡಾಕ್ಟರ್‌ಗೆ ಫೋನ್ ಮಾಡಿ, ನನಗೂ ಕೆಳಗೆ ಒಂದು ಸಾಲು ಬರೆಯಿರಿ, ನಾನು ನೋಡುತ್ತಿರುತ್ತೇನೆ.