ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ಇನ್ನೊಂದು ಸರ್ವರಿಗೆ ನಕಲು ಮಾಡುತ್ತಿರಲು ಸ್ಟ್ರೀಮಿಂಗ್ ರೆಪ್ಲಿಕೇಶನ್ ಬಳಸಬೇಕೋ, ಲಾಜಿಕಲ್ ರೆಪ್ಲಿಕೇಶನ್ ಬಳಸಬೇಕೋ?

ಮುಖ್ಯ ಸರ್ವರ್ ಕೆಟ್ಟಾಗ ಅದರ ಜಾಗಕ್ಕೆ ಬರಲು ಇನ್ನೊಂದು ಸಿದ್ಧವಿರಬೇಕು ಎನ್ನುವುದಷ್ಟೇ ನಿಮ್ಮ ಅಗತ್ಯವಾದರೆ ಸ್ಟ್ರೀಮಿಂಗ್ ಸಾಕು, ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಅದು ಎಲ್ಲ ಡೇಟಾಬೇಸ್‌ಗಳನ್ನೂ ಇದ್ದ ಹಾಗೆಯೇ ನಕಲು ಮಾಡುತ್ತದೆ. ಎರಡೂ ಕಡೆ ಒಂದೇ ಮುಖ್ಯ ಆವೃತ್ತಿ ಇರಬೇಕು.

ಕೆಲವೇ ಟೇಬಲ್‌ಗಳನ್ನು ವರದಿಗಾಗಿ ಬೇರೆಡೆ ಕಳಿಸುವುದಿದ್ದರೆ, ಇಲ್ಲವೇ ಹಳೆಯ ಆವೃತ್ತಿಯಿಂದ ಹೊಸದಕ್ಕೆ ಸಾಗುವುದಿದ್ದರೆ, 2017ರ 10ನೇ ಆವೃತ್ತಿಯಲ್ಲಿ ಸೇರಿದ ಲಾಜಿಕಲ್ ರೆಪ್ಲಿಕೇಶನ್ ಹಿಡಿಯಿರಿ. ಆದರೆ ‘ಆಲ್ಟರ್ ಟೇಬಲ್’ ಆದೇಶ ಕೊಟ್ಟು ಸೇರಿಸಿದ ಹೊಸ ಕಾಲಂ ಆ ಕಡೆಗೆ ತಾನಾಗಿ ಹೋಗುವುದಿಲ್ಲ. ಮೊದಲು ಅಲ್ಲಿ ನೀವೇ ಸೇರಿಸಬೇಕು.

ಇನ್ನು ಸ್ಲಾಟ್‌ಗಳ ಕಾಟ, ಅಂದರೆ ನಕಲು ಎಲ್ಲಿಯವರೆಗೆ ತಲುಪಿದೆ ಎಂದು ಮುಖ್ಯ ಸರ್ವರ್ ಇಟ್ಟುಕೊಳ್ಳುವ ಗುರುತುಗಳ ಕಾಟ. ಸ್ವೀಕರಿಸುವ ಸರ್ವರ್ ನಿಂತುಹೋದರೆ ಸ್ಲಾಟ್ ಹಳೆಯ ಡಬ್ಲ್ಯೂಎಎಲ್ ಕಡತಗಳನ್ನು (ಡೇಟಾದ ಬದಲಾವಣೆಗಳನ್ನು ಬರೆದಿಡುವ ದಾಖಲೆ) ಅಳಿಸಲು ಬಿಡದೆ ಮುಖ್ಯ ಸರ್ವರಿನ ಡಿಸ್ಕನ್ನೇ ತುಂಬಿಸಿಬಿಡುತ್ತದೆ. 13ನೇ ಆವೃತ್ತಿಯಿಂದ ಇದಕ್ಕೆ ಮಿತಿ ಹಾಕಬಹುದು. ಮೊದಲ ದಿನವೇ ಹಾಕಿ. ಮಿತಿ ಮೀರಿದರೆ ನಕಲನ್ನು ಮತ್ತೆ ಕಟ್ಟಬೇಕಾದೀತು, ಮುಖ್ಯ ಸರ್ವರಂತೂ ಉಳಿಯುತ್ತದೆ.