ರದ್ದಿ ಕಾಗದ ಹಲಗೆಯಾದೀತೇ?

ಪ್ರಶ್ನೆ: ಗದಗದಲ್ಲಿ ನಮ್ಮದು ನೋಟ್‌ಬುಕ್ ಬೈಂಡಿಂಗ್ ಕೆಲಸ. ದಿನಾ ಚೀಲಗಟ್ಟಲೆ ಬಿಳಿ ಕಟಿಂಗ್ ಬೀಳುತ್ತದೆ. ಹಳೇ ಪೇಪರು, ರಟ್ಟು ಕೂಡ ಬೇಕಾದಷ್ಟು ಸಿಗುತ್ತದೆ. ಮರದ ನಾರಿಗೆ ಅಂಟು ಬೆರೆಸಿ ಒತ್ತಿದ ಎಂಡಿಎಫ್, ಮರದ ಚೂರಿನಿಂದ ಒತ್ತಿದ ಪಾರ್ಟಿಕಲ್ ಬೋರ್ಡಿಗೆ ಮರದ ಬದಲು ಕಾಗದದ ನಾರು ಬಳಸಬಹುದಂತೆ. ನಮ್ಮಂಥವರು ಮಾಡಬಹುದೇ? ನೀರು ತಾಗಿದರೆ ಉಬ್ಬುವುದಿಲ್ಲವೇ?

ಉತ್ತರ: ಬಳಸಬಹುದು, ಆದರೆ ಮರದ ಬದಲಿಗಲ್ಲ, ಮರದ ಜೊತೆಗೆ. ಅದಕ್ಕೂ ಮೊದಲು ಒಂದು ಮಾತು: ನಿಮ್ಮ ಬಿಳಿ ಕಟಿಂಗನ್ನು ದಯವಿಟ್ಟು ಹಲಗೆಗೆ ಹಾಕಬೇಡಿ. ಬೇರೆಯಾಗಿ ಚೀಲ ಕಟ್ಟಿ ಕಾಗದದ ಗಿರಣಿಗೆ ಹೋಗುವಂತೆ ಮಾರಿ. ಅದರ ನಾರಿಗೆ ಇನ್ನೂ ನಾಲ್ಕೈದು ಸಲ ಕಾಗದವಾಗುವ ಕಸುವಿದೆ. ಹಲಗೆಯ ಅಂಟಿನಲ್ಲಿ ಒಮ್ಮೆ ಸಿಕ್ಕಿಕೊಂಡರೆ ಆ ದಾರಿ ಮುಚ್ಚಿತು. ಹಲಗೆಗೆ ಸಲ್ಲುವುದು ಹಲವು ಸಲ ತಿರುಗಿ ಬಂದು ನಾರು ಗಿಡ್ಡಾದ ರಟ್ಟು ಮತ್ತು ಹಳೇ ದಿನಪತ್ರಿಕೆ.

ಬಿಳಿ ಕಾಗದ ಹಲಗೆಗೆ ಒಗ್ಗದಿರಲು ಇನ್ನೊಂದು ಕಾರಣವೂ ಇದೆ. ಅದರ ಮೇಲೆ ಒಂದು ಹನಿ ವಿನೆಗರ್ ಬಿಟ್ಟು ನೋಡಿ. ಸಣ್ಣ ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣದ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಇದೆ ಎಂದರ್ಥ. ಬಿಳುಪಿಗೆ, ನುಣುಪಿಗೆ ಇದನ್ನು ಬೆರೆಸುತ್ತಾರೆ. ಕೆಲವು ಕಾಗದದಲ್ಲಿ ತೂಕದ ಶೇ. 20ಕ್ಕೂ ಹೆಚ್ಚು ಇಂಥ ಪುಡಿಯೇ ಇರುತ್ತದೆ. ಎಂಡಿಎಫ್‌ಗೆ ಹಾಕುವ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಗಟ್ಟಿಯಾಗಲು ಹುಳಿ, ಅಂದರೆ ಆಮ್ಲ ಬೇಕು. ಸುಣ್ಣ ಆ ಹುಳಿಯನ್ನೇ ಮುರಿಯುತ್ತದೆ. ಪ್ರೆಸ್ಸಿನಿಂದ ಹೊರಬಂದಾಗ ಹಲಗೆಯ ನಡು ಇನ್ನೂ ಹಸಿಯಾಗಿಯೇ ಇರುತ್ತದೆ. ದಿನಪತ್ರಿಕೆಯಲ್ಲಿ ಈ ಕಾಟ ಕಡಿಮೆ. ಮೇಲಾಗಿ ಅದರ ನಾರಿನಲ್ಲಿ ಬಹುಪಾಲು ಮರವನ್ನು ಯಂತ್ರದಲ್ಲಿ ಅರೆದು ತೆಗೆದದ್ದು. ಎಂಡಿಎಫ್ ನಾರಿನ ಹತ್ತಿರದ ನೆಂಟ.

ಹಿಂದೊಮ್ಮೆ ಒಬ್ಬರು ತಾವೇ ಮಾಡಿದ ಹಲಗೆಯ ತುಂಡು ತಂದಿದ್ದರು. ಮೇಲ್ಮೈ ಚೆನ್ನಾಗಿತ್ತು. ಅಂಚಿಗೆ ಉಳಿ ಇಟ್ಟು ಮೆಲ್ಲಗೆ ತಟ್ಟಿದೆ, ಇಸ್ಪೀಟಿನ ಕಟ್ಟಿನಂತೆ ಪದರ ಬಿಟ್ಟಿತು. ಸೀಳಿದ ಜಾಗದಲ್ಲಿ 'ಮಳೆ' ಎಂಬ ಎರಡಕ್ಷರ ಸ್ಪಷ್ಟವಾಗಿ ಓದಬಹುದಿತ್ತು. ಅವರು ಕಾಗದವನ್ನು ಚೂರು ಮಾಡಿದ್ದರು, ನಾರು ಬಿಡಿಸಿರಲಿಲ್ಲ. ಚೂರಿನ ಮೇಲೆ ಅಂಟು ಹತ್ತುತ್ತದೆ, ಒಳಗೆ ಇಳಿಯುವುದಿಲ್ಲ. ಕಾಗದ ಹತ್ತಿಯ ಹಾಗೆ ಬಿಡಿಬಿಡಿಯಾಗಬೇಕು, ಅಕ್ಷರದ ಗುರುತೂ ಉಳಿಯಬಾರದು. ಹಾಗೆ ಬಿಡಿಸಿದ ನಾರು ಉಂಡೆ ಕಟ್ಟುತ್ತದೆ, ಅಂಟನ್ನೂ ಜಾಸ್ತಿ ಕುಡಿಯುತ್ತದೆ. ಅದಕ್ಕೇ ನಾನು ಹೇಳುವುದು, ಹಲಗೆಯ ನಡುಪದರದಲ್ಲಿ ಶೇ. 10ರಿಂದ 20ರಷ್ಟು ಸಾಕು, ಉಳಿದದ್ದು ಮರದ್ದೇ ಇರಲಿ.

ನೀರಿನ ವಿಷಯಕ್ಕೆ ಬಂದರೆ, ಉಬ್ಬುತ್ತದೆ. ಮೇಣ ಬೆರೆಸಿದರೆ ನೀರು ನಿಧಾನಕ್ಕೆ ಇಳಿಯುತ್ತದೆ, ನಿಲ್ಲುವುದಿಲ್ಲ. 5 ಸೆಂಟಿಮೀಟರ್ ಚೌಕದ ತುಂಡಿನ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆದು, 24 ಗಂಟೆ ನೀರಲ್ಲಿ ಮುಳುಗಿಸಿ ಮತ್ತೆ ಅಳೆಯಿರಿ. 18 ಮಿಲಿಮೀಟರ್ ಇದ್ದದ್ದು 21 ಆದರೆ ಅಡುಗೆಮನೆ, ಬಚ್ಚಲ ಹತ್ತಿರ ತರಬೇಡಿ. ಮಾರುವ ಯೋಚನೆ ಇದ್ದರೆ ಎಂಡಿಎಫ್‌ಗೆ ಐಎಸ್ 12406, ಪಾರ್ಟಿಕಲ್ ಬೋರ್ಡಿಗೆ ಐಎಸ್ 3087 ಎಂಬ ಭಾರತೀಯ ಮಾನದಂಡದಂತೆ ಪರೀಕ್ಷೆ ಮಾಡಿಸಲೇಬೇಕು.

ನೀವು ಮಾಡಬಹುದೇ ಎಂದರೆ, ಎಂಡಿಎಫ್ ಬೇಡ. ಅದಕ್ಕೆ 160 ಡಿಗ್ರಿಗೂ ಮೇಲಿನ ಬಿಸಿ ಪ್ರೆಸ್ ಬೇಕು. ಆ ಅಂಟಿನ ಫಾರ್ಮಾಲ್ಡಿಹೈಡ್ ಹೊಗೆ ಕಣ್ಣು, ಗಂಟಲು ಉರಿಸುತ್ತದೆ. ಉಸಿರಿನ ಜೊತೆ ವರ್ಷಗಟ್ಟಲೆ ಒಳಗೆ ಹೋಗುವುದು ಕ್ಯಾನ್ಸರಿಗೂ ದಾರಿ. ಮನೆ ಹಿಂದಿನ ಶೆಡ್ಡಿನಲ್ಲಿ ಈ ಕೆಲಸಕ್ಕೆ ಯಾರನ್ನೂ ನಿಲ್ಲಿಸಬೇಡಿ.

ನಿಮಗೆ ಹೇಳಿ ಮಾಡಿಸಿದಂತಿರುವುದು ಚೀಟಿ, ಚಿತ್ರಗಳನ್ನು ಪಿನ್ನಿನಿಂದ ಚುಚ್ಚಿಡುವ ಮೆತ್ತನೆಯ ಪಿನ್ ಬೋರ್ಡ್. ಅಮೆರಿಕದ ನ್ಯೂಜೆರ್ಸಿಯಲ್ಲಿ 1909ರಲ್ಲಿ ಶುರುವಾದ ಹೋಮಸೋಟ್ ಕಂಪನಿ ಹೆಸರು ಮಾಡಿದ್ದೇ ರದ್ದಿ ಕಾಗದದ ಹಲಗೆಯಿಂದ. ರಟ್ಟು, ಪೇಪರನ್ನು ರಾತ್ರಿಯಿಡೀ ನೆನೆಸಿ ತಿರುವಿ, ಜಾಲರಿಯ ಮೇಲೆ ಬಸಿದು, ನಿಮ್ಮ ಬೈಂಡಿಂಗ್ ಪ್ರೆಸ್ಸಿನಲ್ಲೇ ಹಿಂಡಿ. ಸ್ವಲ್ಪ ಗಂಜಿ ಸೇರಿಸಿದರೆ ಸಾಕು, ನಾರಿಗೆ ನಾರು ತಾನೇ ಹಿಡಿದುಕೊಳ್ಳುತ್ತದೆ. ಮೈದಾ ಅಂಟಿಗೆ ಮೈಲುತುತ್ತ ಹಾಕುವುದು ನಿಮಗೆ ಗೊತ್ತೇ ಇದೆ. ಇಲ್ಲಿ ಗೆದ್ದಲು, ಬೂಸ್ಟು ಬರದಂತೆ ಬೋರಿಕ್ ಪೌಡರ್ ಬೆರೆಸಿ. ನೆರಳಲ್ಲಿ ಮಗುಚಿ ಹಾಕುತ್ತಾ ಒಣಗಿಸಿ, ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ. ಮೊದಲು ನಾಲ್ಕು ಹಲಗೆ ಮಾಡಿ ಹತ್ತಿರದ ಶಾಲೆಯ ಗೋಡೆಗೆ ಹಾಕಿಸಿ, ಒಂದು ಮಳೆಗಾಲ ಕಳೆಯಲಿ.

ಪ್ರಶ್ನೆ: ಹಾಸನದಲ್ಲಿ ಬಡಗಿ ಕೆಲಸ ಮಾಡುತ್ತೇನೆ. ಕಾಗದ ಬೆರೆತ ಬೋರ್ಡಿನ ಅಂಚಿಗೆ ಸ್ಕ್ರೂ ಹಾಕಿದರೆ ಸೀಳುತ್ತದೆ. ಏನು ಮಾಡಲಿ?

ಉತ್ತರ: ಅಂಚಿಗೆ ನೇರ ಸ್ಕ್ರೂ ಹಾಕಲೇಬೇಡಿ. ಹಾಕಲೇಬೇಕಾದರೆ ಮೊದಲು ಸಣ್ಣ ಡ್ರಿಲ್ ಬಿಟ್ಟಿನಿಂದ ತೂತು ಕೊರೆದು, ಮೂಲೆಯಿಂದ ಎರಡೂವರೆ ಇಂಚಾದರೂ ಒಳಗೆ ಹಾಕಿ. ಹಿಂಜ್ ಕೂರುವ ಜಾಗಕ್ಕೆ ಮರದ ಪಟ್ಟಿ ಅಂಟಿಸಿ ಅದಕ್ಕೇ ಸ್ಕ್ರೂ ಬಿಗಿಯಿರಿ.